ಬೇಸಿಗೆಯ ಕಾಡಿನಲ್ಲಿ ಏನು ನೋಡಬೇಕು, ಹೇಗೆ ನೋಡಬೇಕು: ದೇವರಾಯನದುರ್ಗದ ನಡಿಗೆಗೆ ಒಂದು ಕೈಪಿಡಿ

ಏಪ್ರಿಲ್‌ನಲ್ಲಿ ದೇವರಾಯನದುರ್ಗಕ್ಕೆ ಹೋಗಿ ಬಂದವರು ಸಾಮಾನ್ಯವಾಗಿ ಹೇಳುವ ಮಾತು ಒಂದೇ: ‘ಎಲ್ಲಾ ಒಣಗಿ ನಿಂತಿದೆ, ನೋಡುವಂಥದ್ದು ಏನೂ ಇಲ್ಲ. ಮಳೆಗಾಲದಲ್ಲಿ ಹೋಗಬೇಕು.’ ಮಳೆಗಾಲದಲ್ಲಿ ಆ ಬೆಟ್ಟ ಚೆಂದವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಚೆಂದ ನೋಡಲು ಹೋಗುವುದು ಬೇರೆ, ಕಾಡು ನೋಡಲು ಹೋಗುವುದು ಬೇರೆ. ಕಾಡನ್ನು ನೋಡುವ ಅಭ್ಯಾಸ ಮಾಡಿಕೊಳ್ಳಬೇಕು ಎನ್ನುವವರಿಗೆ ಶಿವರಾತ್ರಿಯಿಂದ ಮುಂಗಾರಿನವರೆಗಿನ ದಿನಗಳಿಗಿಂತ ಒಳ್ಳೆಯ ಕಾಲ ಇಲ್ಲ. ಎಲೆ ಉದುರಿರುವುದರಿಂದ ಕೊಂಬೆಯ ಮೇಲಿನ ಗೂಡು ಬಯಲಾಗಿರುತ್ತದೆ. ಕಾಲುದಾರಿಯ ಮೇಲೆ ನುಣ್ಣನೆಯ ಧೂಳು ಕೂತಿರುವುದರಿಂದ ರಾತ್ರಿ ಓಡಾಡಿದ ಪ್ರಾಣಿಗಳ ಹೆಜ್ಜೆ ಅಚ್ಚೊತ್ತಿರುತ್ತದೆ. ನೀರಿರುವ ಜಾಗಗಳು ಕಡಿಮೆಯಾಗಿರುವುದರಿಂದ ಹಕ್ಕಿಗಳು ಎಲ್ಲಿಗೆ ಬರುತ್ತವೆ ಎಂದು ಊಹಿಸುವುದು ಸುಲಭ. ನಮ್ಮ ಕಡೆಯ ಬಹಳಷ್ಟು ಮರಗಳು ಹೂ ಬಿಡುವುದೂ ಈಗಲೇ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಪ್ರಾಣಿಯನ್ನು ಹುಡುಕಬೇಡಿ, ಅದು ಮಾಡಿಟ್ಟ ಕೆಲಸವನ್ನು ಹುಡುಕಿ. ಚಿರತೆ, ಕರಡಿ ಎರಡೂ ಇರುವ ಕಾಡು ಇದು. ಅವು ನಿಮಗೆ ಕಾಣಿಸುವುದು ಅಪರೂಪ, ಕಾಣಿಸದಿದ್ದರೆ ಒಳ್ಳೆಯದೇ. ಆದರೆ ತೋಡಿದ ಗುಣಿ, ಕತ್ತರಿಸಿದ ಎಲೆ, ಮೆತ್ತಿದ ಮಣ್ಣು, ಬಿಟ್ಟುಹೋದ ಹಿಕ್ಕೆ, ಕಳಚಿದ ಪೊರೆ ಇವೆಲ್ಲ ಎಲ್ಲಿಗೂ ಓಡಿಹೋಗುವುದಿಲ್ಲ. ಒಂದೊಂದರ ಮುಂದೆಯೂ ನಿಂತು ‘ಇದು ಯಾರ ಕೆಲಸ?’ ಎಂದು ಕೇಳಿಕೊಂಡರೆ ನಡಿಗೆ ಶುರುವಾದಂತೆಯೇ. ಹೆಸರುಗಳು ಗೊತ್ತಿರಲೇಬೇಕೆಂದೇನೂ ಇಲ್ಲ.

ಜಾಗ ಮತ್ತು ಹೊತ್ತು

ದೇವರಾಯನದುರ್ಗ ತುಮಕೂರಿನಿಂದ ಸುಮಾರು 15 ಕಿಲೋಮೀಟರ್. ಆ ಕಡೆಯೇ ನಾಮದ ಚಿಲುಮೆ ಇದೆ. ಹಣೆಗೆ ನಾಮ ಇಟ್ಟುಕೊಳ್ಳಲು ನೀರು ಸಿಗದೆ ರಾಮ ಬಂಡೆಗೆ ಬಾಣ ಬಿಟ್ಟು ಚಿಮ್ಮಿಸಿದ ನೀರು ಎಂದು ಜನ ಹೇಳುವ ಜಾಗ. ಮೊದಲ ಸಲ ಹೋಗುವವರಿಗೆ ಚಿಲುಮೆಯ ಸುತ್ತ ಜನ ಓಡಾಡುವ ಪ್ರದೇಶ ಮತ್ತು ಬೆಟ್ಟಕ್ಕೆ ಹತ್ತುವ ರಸ್ತೆಯ ಅಂಚು ಧಾರಾಳವಾಗಿ ಸಾಕು. ಒಳಗಿನ ಕಾಡುದಾರಿಗಳಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು. ಮೀಸಲು ಅರಣ್ಯಕ್ಕೆ ಹೇಳದೆ ಕೇಳದೆ ನುಗ್ಗುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ. ಸಣ್ಣ ಸಂಗತಿಗಳನ್ನು ನೋಡುವವರು ಅಷ್ಟು ದೂರ ಹೋಗಬೇಕಾದ ಅಗತ್ಯವೇ ಬೀಳುವುದಿಲ್ಲ. ಕೋಲಾರದವರಿಗೆ ಅಂತರಗಂಗೆಯ ಬೆಟ್ಟ, ಚಿಕ್ಕಬಳ್ಳಾಪುರದವರಿಗೆ ನಂದಿಬೆಟ್ಟದ ಬುಡ ಇದೇ ಕೆಲಸಕ್ಕೆ ಬರುತ್ತವೆ. ನಂದಿಗೆ ಮಾತ್ರ ಭಾನುವಾರ ಹೋಗಬೇಡಿ. ಅಲ್ಲಿ ಆ ದಿನ ನೋಡಲು ಸಿಗುವುದು ವಾಹನಗಳ ಸಾಲು.

ಯಾವ ತಿಂಗಳು ಎಂದು ಕೇಳಿದರೆ ಹಬ್ಬಗಳ ಲೆಕ್ಕದಲ್ಲಿ ಹೇಳುವುದು ಸುಲಭ. ಶಿವರಾತ್ರಿಯ ಹೊತ್ತಿಗೆ ಮುತ್ತುಗ, ಯುಗಾದಿಯ ಹೊತ್ತಿಗೆ ಹೊಂಗೆಯ ಚಿಗುರು ಮತ್ತು ಹೂ, ಬಸವ ಜಯಂತಿಯ ಹೊತ್ತಿಗೆ ಕಕ್ಕೆ. ವರ್ಷದ ಮಳೆಯನ್ನು ನೋಡಿಕೊಂಡು ಒಂದೆರಡು ವಾರ ಆಚೀಚೆ ಆಗುತ್ತದೆ.

ದಿನದ ಹೊತ್ತಿನ ವಿಚಾರದಲ್ಲಿ ನಾನು ಕಟ್ಟುನಿಟ್ಟು. ಕತ್ತಲಿರುವಾಗಲೇ ಹೊರಡುವ ಉತ್ಸಾಹ ಬೇಡ. ಮುಂಜಾನೆ ಮತ್ತು ಮುಸ್ಸಂಜೆ ಕರಡಿಗಳ ಹೊತ್ತು. ಪೂರ್ತಿ ಬೆಳಕು ಹರಿದ ಮೇಲೆ, ಆರೂವರೆಯ ಸುಮಾರಿಗೆ ನಡಿಗೆ ಶುರುಮಾಡಿ ಹತ್ತು ಗಂಟೆಯೊಳಗೆ ನೆರಳಿಗೆ ವಾಪಸಾಗಿ. ಆ ಹೊತ್ತಿನ ಓರೆ ಬಿಸಿಲು ಇನ್ನೊಂದು ಉಪಕಾರವನ್ನೂ ಮಾಡುತ್ತದೆ. ಧೂಳಿನಲ್ಲಿ ಮೂಡಿದ ಹೆಜ್ಜೆಗೆ ಅದು ನೆರಳು ಕೊಟ್ಟು ಎತ್ತಿ ತೋರಿಸುತ್ತದೆ. ಹೆಜ್ಜೆ ಗುರುತು ನಿಮಗೂ ಸೂರ್ಯನಿಗೂ ನಡುವೆ ಬರುವಂತೆ ನಿಂತುಕೊಳ್ಳಿ. ಅದೇ ಗುರುತನ್ನು ನಡುಮಧ್ಯಾಹ್ನ ಹುಡುಕಿದರೆ ಕಾಲಡಿಯಲ್ಲೇ ಇದ್ದರೂ ಕಾಣುವುದಿಲ್ಲ.

ಚೀಲದಲ್ಲಿ ಏನಿರಬೇಕು

ಒಬ್ಬೊಬ್ಬರಿಗೆ ಎರಡು ಲೀಟರ್ ನೀರು, ಟೋಪಿ, ಪೂರ್ತಿ ಕಾಲು ಮುಚ್ಚುವ ಪ್ಯಾಂಟು, ಶೂ. ಸಣ್ಣ ಪುಸ್ತಕ, ಪೆನ್ಸಿಲ್. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿ ಇದ್ದರೆ ಬಹಳ ಒಳ್ಳೆಯದು. ಅದಿಲ್ಲದೆ ಬರೀ ದುರ್ಬೀನು ಇದ್ದರೆ ಅದನ್ನು ತಿರುಗಿಸಿ ಹಿಡಿದು, ಕಣ್ಣಿಡುವ ತುದಿಯನ್ನು ಎಲೆಯ ಹತ್ತಿರಕ್ಕೆ ತಂದು ಇನ್ನೊಂದು ತುದಿಯಿಂದ ನೋಡಿ. ಅದೇ ಭೂತಗನ್ನಡಿಯಾಗುತ್ತದೆ. ಸುಗಂಧ ದ್ರವ್ಯ ಹಚ್ಚಿಕೊಳ್ಳಬೇಡಿ, ಕಾರಣ ಮುಂದೆ ಹೇಳುತ್ತೇನೆ. ತಿಂಡಿಯ ಪೊಟ್ಟಣ ಕೈಯಲ್ಲಿ ಕಾಣಿಸದಿರಲಿ. ಕೋತಿಗಳ ಜೊತೆ ವಾದ ಮಾಡಿ ಗೆದ್ದವರಿಲ್ಲ.

ಎಲೆಯ ಫೋಟೊ ತೆಗೆದ ಕೂಡಲೇ ಗಿಡದ ಹೆಸರು ಹೇಳುವ ಆ್ಯಪ್‌ಗಳು ಈಗ ಎಲ್ಲರ ಮೊಬೈಲಿನಲ್ಲೂ ಇವೆ. ಅವನ್ನು ಮನೆಗೆ ಬಂದ ಮೇಲೆ ತೆರೆಯಿರಿ. ಹೆಸರು ಸಿಕ್ಕಿತೆಂದರೆ ನೋಡುವ ಕೆಲಸ ಮುಗಿಯಿತು ಎಂದು ನಮ್ಮ ಮನಸ್ಸು ತೀರ್ಮಾನಿಸಿಬಿಡುತ್ತದೆ.

ಮೊದಲು ಕೂರಿ

ಹೋದ ಕೂಡಲೇ ನಡೆಯಬೇಡಿ. ನೆರಳಿರುವ ಕಡೆ, ಕೂರುವ ಮೊದಲು ಸುತ್ತ ಒಮ್ಮೆ ನೋಡಿಕೊಂಡು, ಹದಿನೈದು ನಿಮಿಷ ಸುಮ್ಮನೆ ಕುಳಿತುಕೊಳ್ಳಿ. ನೀವು ಬಂದ ಸದ್ದಿಗೆ ಅಡಗಿದ ಹಕ್ಕಿ, ಓತಿಗಳು ಮತ್ತೆ ತಮ್ಮ ಕೆಲಸಕ್ಕೆ ಹೊರಡಲು ಅಷ್ಟು ಹೊತ್ತು ಬೇಕು. ಈ ಹೊತ್ತಿನಲ್ಲಿ ಕಿವಿಗೆ ಕೆಲಸ ಕೊಡಿ. ‘ಟುಕ್ ಟುಕ್ ಟುಕ್’ ಎಂದು ಒಂದೇ ಸಮ ಬಡಿಯುವ ಸದ್ದು ಕೇಳಿಸಿದರೆ ಅದು ಕಂಚುಕುಟಿಗ ಹಕ್ಕಿ. ಅತ್ತಿ, ಆಲ, ಬಸರಿಯ ಹಣ್ಣಿದ್ದಲ್ಲಿ ಇದ್ದೇ ಇರುತ್ತದೆ, ಬಿಸಿಲೇರಿದಷ್ಟೂ ಇದರ ಉತ್ಸಾಹ ಹೆಚ್ಚು. ದುರ್ಬೀನಿನಲ್ಲಿ ಸಿಕ್ಕರೆ ಅದರ ಕೊಕ್ಕನ್ನು ನೋಡಿ: ಕೂಗುವಾಗ ಕೊಕ್ಕು ತೆರೆದಿರುವುದೇ ಇಲ್ಲ. ಪ್ರತಿ ‘ಟುಕ್’ಗೂ ಗಂಟಲ ಚರ್ಮ ಉಬ್ಬಿ ಇಳಿಯುತ್ತಿರುತ್ತದೆ.

ಆಮೇಲೆ ನಡೆಯಿರಿ, ನೂರು ಹೆಜ್ಜೆಗೆ ಅರ್ಧ ಗಂಟೆ ಎಂಬ ಲೆಕ್ಕದಲ್ಲಿ. ಮಕ್ಕಳಿದ್ದರೆ ಇದು ಸಲೀಸು, ಅವರು ಹೇಗೂ ಪ್ರತಿಯೊಂದಕ್ಕೂ ನಿಲ್ಲುತ್ತಾರೆ. ‘ಮೇಲೆ ಹೋಗಿ ದೇವಸ್ಥಾನ ನೋಡಿ ಹನ್ನೊಂದಕ್ಕೆ ಇಳಿಯಬೇಕು’ ಎನ್ನುವ ದೊಡ್ಡವರನ್ನು ಕರೆತರಬೇಡಿ. ಭೋಗ ನರಸಿಂಹ, ಯೋಗ ನರಸಿಂಹರ ದರ್ಶನವನ್ನು ನಡಿಗೆ ಮುಗಿದ ಮೇಲೆ ಇಟ್ಟುಕೊಳ್ಳಿ.

ನೆಲ

ನೆಲದಿಂದ ಶುರುಮಾಡುವುದು ಒಳ್ಳೆಯದು. ಬಂಡೆಯ ಚಾಚಿನ ಕೆಳಗೆ, ಮರದ ಬೇರುಗಳ ಸಂದಿಯಲ್ಲಿ, ಮಳೆಯೂ ನೇರ ಬಿಸಿಲೂ ತಾಗದ ಒಣ ಪುಡಿಮಣ್ಣು ಇರುವಲ್ಲಿ ಬಗ್ಗಿ ನೋಡಿ. ನಾಣ್ಯದಷ್ಟು ಅಗಲದ, ಆಲಿಕೆಯ ಆಕಾರದ ಗುಣಿಗಳು ಗುಂಪಾಗಿ ಕಾಣುತ್ತವೆ. ಹಳ್ಳಿಯಲ್ಲಿ ಬೆಳೆದವರೆಲ್ಲ ಇವುಗಳ ಜೊತೆ ಆಡಿದವರೇ. ಆಡಿದ್ದೇವೆ ಹೊರತು, ಹೆಚ್ಚಿನವರು ನೋಡಿಲ್ಲ. ಒಂದು ಗುಣಿಯ ಮುಂದೆ, ನಿಮ್ಮ ನೆರಳು ಅದರ ಮೇಲೆ ಬೀಳದಂತೆ ಕುಕ್ಕರಗಾಲಲ್ಲಿ ಕುಳಿತು ಹತ್ತು ನಿಮಿಷ ಕೊಡಿ.

ಗುಣಿಯ ಗೋಡೆಯನ್ನು ಮೊದಲು ಗಮನಿಸಿ. ಮಣ್ಣಿನ ಕಣ ಜಾರದೆ ನಿಲ್ಲಬಲ್ಲ ಕಟ್ಟಕಡೆಯ ಇಳಿಜಾರು ಅದು. ಅದಕ್ಕಿಂತ ಚೂರು ಕಡಿದಾದರೆ ತಾನೇ ಕುಸಿಯುತ್ತದೆ. ಹಾಗಾಗಿಯೇ ಅಂಚಿನಲ್ಲಿ ಇರುವೆಯೊಂದು ಕಾಲಿಟ್ಟರೆ ಅದರ ಭಾರಕ್ಕೇ ಮಣ್ಣು ಜಾರುತ್ತದೆ. ಇರುವೆ ಹತ್ತಲು ಪರದಾಡುವಾಗ ತಳದಲ್ಲಿ ಹೂತುಕೊಂಡಿರುವ ಮರಿಹುಳು (ಇಂಗ್ಲಿಷಿನಲ್ಲಿ ಆಂಟ್‌ಲಯನ್) ತಲೆ ಕೊಡವಿ ಮಣ್ಣು ಎರಚುತ್ತದೆ. ಆ ಮಣ್ಣಿನ ಏಟಿನ ಜೊತೆಗೆ ಗೋಡೆಯೂ ಕೆಳಗಿಳಿಯುತ್ತದೆ. ಹಿಡಿದ ಮೇಲೆ ಇಕ್ಕಳದಂಥ ದವಡೆಗಳಿಂದ ರಸವನ್ನಷ್ಟೇ ಹೀರಿ, ಒಣ ಹೊಟ್ಟನ್ನು ಗುಣಿಯಿಂದಾಚೆಗೆ ಎಸೆಯುತ್ತದೆ. ಗುಣಿಯ ಅಂಚಿನಲ್ಲಿ ಬಿದ್ದಿರುವ ಇರುವೆಯ ಟೊಳ್ಳು ದೇಹಗಳನ್ನು ಭೂತಗನ್ನಡಿಯಲ್ಲಿ ನೋಡಿ. ಪಕ್ಕದಲ್ಲೇ ಸುತ್ತಿ ಸುತ್ತಿ ಎಳೆದ ಗೆರೆಗಳಿದ್ದರೆ ಅದು ಹುಳು ಹಿಮ್ಮುಖವಾಗಿ ನಡೆಯುತ್ತ ಹೊಸ ಜಾಗ ಹುಡುಕಿದ ದಾರಿ. ಈ ಮರಿಹುಳುವಿಗೆ ಮಲ ಹೊರಹಾಕುವ ದ್ವಾರವೇ ಇಲ್ಲ; ರೆಕ್ಕೆ ಬಂದು ದೊಡ್ಡದಾಗುವವರೆಗೆ ಎಲ್ಲವನ್ನೂ ಹೊಟ್ಟೆಯಲ್ಲೇ ಇಟ್ಟುಕೊಳ್ಳುತ್ತದೆ. ದೊಡ್ಡದಾದ ಮೇಲೆ ಏರೋಪ್ಲೇನ್ ಚಿಟ್ಟೆಯನ್ನು ಹೋಲುತ್ತದೆ, ಆದರೆ ಮೀಸೆ ಉದ್ದ, ಹಾರಾಟ ಪೇಲವ, ಅದೂ ರಾತ್ರಿ. ಇರುವೆಯನ್ನು ಹಿಡಿದು ಗುಣಿಗೆ ಹಾಕುವ ಆಟ ಬೇಡ. ಹುಲ್ಲಿನ ತುದಿಯಿಂದ ಅಂಚಿನ ಒಂದೆರಡು ಕಣ ಉರುಳಿಸಿದರೆ ಸಾಕು, ಹುಳು ಉತ್ತರ ಕೊಡುತ್ತದೆ.

ನೆಲದ ಮೇಲೆ ಇನ್ನೂ ನೋಡುವುದಿದೆ. ಇರುವೆ ಗೂಡಿನ ಬಾಯಿಯ ಸುತ್ತ ಹುಲ್ಲಿನ ಬೀಜದ ಹೊಟ್ಟು ಅರ್ಧಚಂದ್ರಾಕಾರದಲ್ಲಿ ಬಿದ್ದಿದ್ದರೆ ಒಳಗೆ ಕಣಜವಿದೆ ಎಂದರ್ಥ. ಬೀಜ ಕೂಡಿಡುವ ಇರುವೆಗಳು ತೂರಿ ಎಸೆದ ಹೊಟ್ಟು ಅದು. ಒಣಗಿದ ಕೊಂಬೆಗಳ ಮೇಲೆ, ತರಗೆಲೆಯ ಮೇಲೆ, ಕೆಲವೊಮ್ಮೆ ಮರದ ತೊಗಟೆಯ ಮೇಲೂ ಮಣ್ಣಿನ ತೆಳು ಹೊದಿಕೆ ಮೆತ್ತಿರುತ್ತದೆ. ಗೆದ್ದಲು ಬಿಸಿಲು ತಾಳದ ಜೀವ. ತಾನು ಮೇಯುವ ಜಾಗಕ್ಕೆ ಮೊದಲು ಚಾವಣಿ ಹಾಕಿಕೊಂಡು ಆಮೇಲೆ ಊಟಕ್ಕೆ ಕೂರುತ್ತದೆ. ಬೆರಳಗಲದಷ್ಟು ಮಣ್ಣನ್ನು ಕಡ್ಡಿಯಿಂದ ಎಬ್ಬಿಸಿ ನೋಡಿ: ತೇವ ಇದ್ದು ಹುಳುಗಳು ಚದುರಿದರೆ ಕೆಲಸ ನಡೆಯುತ್ತಿದೆ, ಒಣಗಿ ಪುಡಿಯಾದರೆ ಬಿಟ್ಟುಹೋಗಿವೆ. ಅದೇ ಬೇಸಿಗೆಯಲ್ಲಿ ಹುತ್ತದ ಪಕ್ಕ ದೊಡ್ಡ ಗುಂಡಿ ಬಿದ್ದು, ಸುತ್ತ ಹಸಿ ಮಣ್ಣು ಚೆಲ್ಲಿ, ಉಗುರಿನ ಉದ್ದ ಗೀರುಗಳಿದ್ದರೆ ಅದು ಕರಡಿಯ ಕೆಲಸ. ಮಣ್ಣು ಇನ್ನೂ ಹಸಿಯಾಗಿದ್ದರೆ ಫೋಟೊ, ಟಿಪ್ಪಣಿ ಎಲ್ಲ ಬಿಟ್ಟು ಮಾತಾಡುತ್ತ, ಸದ್ದು ಮಾಡುತ್ತ ಬಂದ ದಾರಿಯಲ್ಲಿ ಹಿಂದಿರುಗಿ.

ಹಿಕ್ಕೆ ನೋಡುವುದಕ್ಕೆ ಮುಜುಗರ ಬೇಡ, ಕೈಯಿಂದ ಮುಟ್ಟದಿದ್ದರಾಯಿತು. ಬಂಡೆಯ ಮೇಲೋ ಬಿದ್ದ ಮರದ ಮೇಲೋ ಹಣ್ಣಿನ ಬೀಜಗಳೇ ತುಂಬಿರುವ ಹಿಕ್ಕೆ ಇದ್ದರೆ ಪುನುಗಿನ ಬೆಕ್ಕನ್ನು ನೆನೆಯಿರಿ. ಎಲಚಿ, ಕಕ್ಕೆ ಬೀಜಗಳ ದೊಡ್ಡ ರಾಶಿಯಾದರೆ ಕರಡಿ. ಕೂದಲು ತುಂಬಿ, ಒಣಗಿ ಬಿಳಿಚಿಕೊಂಡಿದ್ದರೆ ಮಾಂಸ ತಿನ್ನುವ ಪ್ರಾಣಿಯದು.

ಪೊದೆಗಳು

ಮೊಣಕಾಲಿನಿಂದ ಎದೆಯ ಎತ್ತರದವರೆಗಿನ ಲೋಕವನ್ನು ಬೇಗ ದಾಟಬಹುದು, ಏಕೆಂದರೆ ಇಲ್ಲಿ ಲಂಟಾನದ್ದೇ ಆಳ್ವಿಕೆ. ಆದರೂ ಮುಳ್ಳುಪೊದೆಗಳಲ್ಲಿ ಎರಡನ್ನು ಹುಡುಕಿ. ಒಂದು, ಕೊಂಬೆಗೆ ಜೋತುಬಿದ್ದ, ಉದ್ದುದ್ದ ಕಡ್ಡಿಗಳನ್ನು ಜೋಡಿಸಿ ಕಟ್ಟಿದ ಸಣ್ಣ ಕಟ್ಟು. ಜಾಲಿಯಲ್ಲಿ ಇದು ಸಾಮಾನ್ಯ. ಇದೊಂದು ಪತಂಗದ ಮರಿಹುಳು ರೇಷ್ಮೆಯಿಂದ ಹೆಣೆದು ಹೊರಗೆ ಕಡ್ಡಿ ಅಂಟಿಸಿಕೊಂಡ ಮನೆ, ಹೋದಲ್ಲೆಲ್ಲ ಹೊತ್ತೇ ತಿರುಗುತ್ತದೆ. ಹೆಣ್ಣಿಗೆ ರೆಕ್ಕೆಯೂ ಬರುವುದಿಲ್ಲ, ಮೊಟ್ಟೆಯಿಡುವುದೂ ಅದರೊಳಗೇ. ಇನ್ನೊಂದು, ಹಳೆಯ ಬಟ್ಟೆ ಚೂರು ಸಿಕ್ಕಿಕೊಂಡಿದೆಯೇನೋ ಎನಿಸುವ ಬೂದುಬಣ್ಣದ, ಕಸ ತುಂಬಿದ ಬಲೆಯ ಮುದ್ದೆ. ಕೊಳಕಾದ ಬಲೆ ಎಂದು ಮುಂದೆ ಹೋಗಬೇಡಿ. ಜೇಡಗಳು ಒಂಟಿ ಜೀವಿಗಳು ಎಂಬ ಮಾತಿಗೆ ಅಪವಾದವಾಗಿ ಗುಂಪಿನಲ್ಲಿ ಬದುಕುವ ಜೇಡದ ಮನೆ ಅದು. ದೊಡ್ಡ ಮಿಡತೆ ಬಿದ್ದರೆ ಹತ್ತಾರು ಜೇಡಗಳು ಒಟ್ಟಿಗೆ ಬಂದು ಹಿಡಿಯುತ್ತವೆ. ಮರಿಗಳು ಬೆಳೆಯುವ ಹಂತದಲ್ಲಿ ತಾಯಿಯನ್ನೇ ತಿನ್ನುತ್ತವೆ, ತಾಯಿ ತಪ್ಪಿಸಿಕೊಳ್ಳುವುದಿಲ್ಲ.

ಪೊದೆಯ ಹತ್ತಿರ ಹೋಗುವಾಗ ಬಳ್ಳಿಯ ಮೇಲೆ ಕಂದು ಬಣ್ಣದ, ಮಖಮಲ್ಲಿನಂತೆ ಹೊಳೆಯುವ ಬಾಗಿದ ಕಾಯಿಗಳ ಗೊಂಚಲು ಕಂಡರೆ ಕೈ ಹಿಂದೆ ತೆಗೆಯಿರಿ. ಅದು ನಸುಗುನ್ನಿ. ಬೇಸಿಗೆಯಲ್ಲಿ ಒಣಗಿದ ಕಾಯಿಯ ರೋಮ ಗಾಳಿಗೂ ಉದುರಿ ಮೈಗೆ ಅಂಟುತ್ತದೆ. ತಾಗಿದರೆ ಉಜ್ಜಬೇಡಿ, ಉಜ್ಜಿದಷ್ಟೂ ಹರಡುತ್ತದೆ. ಅಂಟುವ ಟೇಪಿನಿಂದ ಮೆಲ್ಲಗೆ ಎತ್ತಿ ತೆಗೆದು ಆಮೇಲೆ ತೊಳೆದುಕೊಳ್ಳಿ.

ಒಂದು ಹೊಂಗೆಯ ಕೊಂಬೆ

ಕೈಗೆಟಕುವ ಹೊಂಗೆಯ ಕೊಂಬೆಯೊಂದನ್ನು ಆರಿಸಿಕೊಳ್ಳಿ. ಹೊಸ ಚಿಗುರು ಬಂದು ಕೆಲವು ವಾರವಾಗಿದ್ದರೆ ಉತ್ತಮ. ಹೊಂಗೆ ನಮ್ಮ ಹೊಲದ ಬದುವಿನಲ್ಲೂ ಇದೆ, ಬಸ್ ನಿಲ್ದಾಣದಲ್ಲೂ ಇದೆ, ಆದ್ದರಿಂದ ಅದರತ್ತ ಯಾರ ಕಣ್ಣೂ ಹೋಗುವುದಿಲ್ಲ. ಈ ಒಂದು ಕೊಂಬೆಯ ಎಲೆಗಳಲ್ಲಿ ಎಷ್ಟು ಜನ ಕೈ ಹಾಕಿದ್ದಾರೆ ನೋಡಿ.

ಎಲೆಯ ಮೇಲೆ ಮೊಳೆಗಳ ಹಾಗೆ ಎದ್ದ ಹಸಿರು ಗುಳ್ಳೆಗಳಿವೆಯೇ? ಅದು ಬರಿಗಣ್ಣಿಗೆ ಕಾಣದಷ್ಟು ಚಿಕ್ಕ ನುಸಿಯ ಕೆಲಸ. ನುಸಿ ಎಲೆಗೆ ಉಪಟಳ ಕೊಟ್ಟು ಅದರ ಅಂಗಾಂಶ ಅಡ್ಡಾದಿಡ್ಡಿ ಬೆಳೆಯುವಂತೆ ಮಾಡುತ್ತದೆ, ಗಿಡ ಕಟ್ಟಿಕೊಟ್ಟ ಆ ಗುಳ್ಳೆಯೊಳಗೆ ತಾನು ವಾಸಿಸುತ್ತದೆ. ಮನೆ ಕಟ್ಟುವ ಖರ್ಚೆಲ್ಲ ಮರದ್ದು. ಇನ್ನೊಂದು ಎಲೆಯಲ್ಲಿ ಬಿಳಿಚಿದ, ಉಬ್ಬಿದ ಮಚ್ಚೆ ಇದ್ದರೆ ಎಲೆಯನ್ನು ಕೀಳದೆ ಬಿಸಿಲಿಗೆ ಎದುರು ಹಿಡಿದು ನೋಡಿ. ಎಲೆಯ ಮೇಲ್ಪದರಕ್ಕೂ ಕೆಳಪದರಕ್ಕೂ ನಡುವೆ ಒಂದು ಪುಟ್ಟ ಪತಂಗದ ಮರಿ ಹಸಿರನ್ನು ಕೆರೆದು ತಿನ್ನುತ್ತ ಬೆಳೆಯುತ್ತಿರುತ್ತದೆ. ಒಳಗಿನ ಕಪ್ಪು ಚುಕ್ಕೆಗಳು ಅದರ ಹಿಕ್ಕೆ. ಮೂರನೆಯದು ಅಂಚಿನಲ್ಲಿ ಕತ್ತರಿಯಿಂದ ಕತ್ತರಿಸಿದಷ್ಟು ಅಚ್ಚುಕಟ್ಟಾದ ಅರ್ಧವೃತ್ತ. ತಿನ್ನುವವರು ಇಷ್ಟು ಒಪ್ಪವಾಗಿ ತಿನ್ನುವುದಿಲ್ಲ. ಇದು ಎಲೆ ಕತ್ತರಿಸುವ ಜೇನ್ನೊಣ, ತುಂಡನ್ನು ಒಯ್ದು ಟೊಳ್ಳು ಕಡ್ಡಿಯಲ್ಲೋ ಬಿಲದಲ್ಲೋ ಮರಿಗಳ ಕೋಣೆಗೆ ಒಳಗೋಡೆ ಹಚ್ಚುತ್ತದೆ. ಅಂಚು ಅಂಕುಡೊಂಕಾಗಿದ್ದರೆ ಕಂಬಳಿಹುಳು ಅಥವಾ ಮಿಡತೆ.

ಇಷ್ಟಾದ ಮೇಲೆ ಹತ್ತಿರದ ನೀಲಗಿರಿ ತೋಪಿನಲ್ಲಿ ಅದೇ ರೀತಿ ಒಂದು ಕೊಂಬೆ ಹಿಡಿದು ಎಲೆಗಳನ್ನು ಹೋಲಿಸಿ ನೋಡಿ. ಈ ನೆಲದ ಮರಕ್ಕೂ ಹೊರಗಿನಿಂದ ತಂದು ನೆಟ್ಟ ಮರಕ್ಕೂ ಇರುವ ವ್ಯತ್ಯಾಸದ ಬಗ್ಗೆ ಉದ್ದುದ್ದ ಭಾಷಣ ಕೇಳುವುದಕ್ಕಿಂತ ಇದು ವಾಸಿ.

ಹೂವು, ರೆಕ್ಕೆಯ ಬೀಜ

ಮುತ್ತುಗ ಹೂ ಬಿಟ್ಟಿದ್ದರೆ ಮರದ ಕೆಳಗೆ ನಿಲ್ಲಿ. ಸೂರಕ್ಕಿ, ಮೈನಾ, ಕಾಜಾಣ, ಅಳಿಲು ಎಲ್ಲರೂ ಅಲ್ಲಿಗೆ ಬರುತ್ತಾರೆ. ಬಿದ್ದ ಹೂಗಳನ್ನು ಆಯ್ದು ಬುಡ ನೋಡಿ. ಬುಡ ಕಚ್ಚಿ ಹರಿದಿದ್ದರೆ ಮುಂಬಾಗಿಲಿಗೆ ಬರದೆ, ಪರಾಗ ಹೊರದೆ, ಮಕರಂದ ಕದ್ದವರ ಗುರುತು.

ಕಕ್ಕೆಯ ಹೂವಿನಲ್ಲಿ ಕೇಸರಗಳನ್ನು ಎಣಿಸಿ: ಒಟ್ಟು ಹತ್ತು. ಮೂರು ಉದ್ದವಾಗಿ ಬಾಗಿವೆ, ನಾಲ್ಕು ಮಧ್ಯಮ, ಮೂರು ಪುಟಾಣಿ. ಮರ ಕೊರೆಯುವ ದೊಡ್ಡ ಕಪ್ಪು ದುಂಬಿ ಬಂದು ಹೂವನ್ನು ತಬ್ಬಿ ಹಿಡಿದಾಗ ಅದರ ಗುಂಯ್‌ಗುಡುವ ಸ್ವರ ಏರುವುದನ್ನು ಕೇಳಿ. ಮೈ ನಡುಗಿಸಿ ಪರಾಗವನ್ನು ಉದುರಿಸಿಕೊಳ್ಳುತ್ತಿರುತ್ತದೆ. ಅದೇ ಮರದ ಎಳೆ ಎಲೆಯ ಮೇಲೆ ತಿಳಿ ಹಳದಿ ಮಿಶ್ರಿತ ಬಿಳಿ ಚಿಟ್ಟೆ ಒಂದು ಕ್ಷಣ ಕೂತು ಎದ್ದರೆ, ಎದ್ದ ಜಾಗದಲ್ಲಿ ಹುಡುಕಿ. ಮೊಟ್ಟೆ ಇಟ್ಟುಹೋಗಿರಬಹುದು.

ಗಾಳಿಯ ದಿನ ತಪಸಿ ಮರ ಸಿಕ್ಕರೆ ಅದೃಷ್ಟ. ಕಾಗದದಷ್ಟು ತೆಳುವಾದ ದುಂಡು ಬೀಜಗಳು ಏಪ್ರಿಲ್, ಮೇ ತಿಂಗಳಲ್ಲಿ ನೂರಾರು ಒಟ್ಟಿಗೆ ತೇಲಿ ಹೋಗುತ್ತವೆ. ಜಾಲಾರಿಯದು ಇನ್ನೊಂದು ವಿಧ: ಹೂವಿನ ಹೊರದಳಗಳೇ ಬೆಳೆದು ಕಾಯಿಗೆ ಮೂರು ಉದ್ದ, ಎರಡು ಗಿಡ್ಡ ರೆಕ್ಕೆಗಳಾಗುತ್ತವೆ. ಒಂದನ್ನು ಎತ್ತರದಿಂದ ಬಿಟ್ಟು ಅದು ಗಿರಗಿರನೆ ತಿರುಗುತ್ತ ಇಳಿಯುವುದನ್ನು, ತಪಸಿಯ ಬೀಜ ಓಲಾಡುತ್ತ ಇಳಿಯುವುದರ ಜೊತೆ ಹೋಲಿಸಿ. ಜಾಲಾರಿಯ ಕಡ್ಡಿಗಳ ಮೇಲೆ ಕೆಂಗಂದು ಹೊದಿಕೆ ಕಂಡರೆ ಅದು ಅರಗು. ಅರಗಿನ ಹುಳುವಿಗೆ ಈ ಮರ ಪ್ರಿಯ. ತೊಗಟೆಯ ಗಾಯದಿಂದ ರಕ್ತಗೆಂಪು ಅಂಟು ಒಸರಿ ಹೆಪ್ಪುಗಟ್ಟಿದ್ದರೆ ಹೊನ್ನೆ.

ಬಂಡೆ

ಈ ಬೆಟ್ಟಗಳ ಅರ್ಧ ಕತೆ ಬಂಡೆಯ ಮೇಲಿದೆ. ರಾಮನಗರದ ಕಡೆಯಿಂದ ತುಮಕೂರು, ಮಧುಗಿರಿ, ಪಾವಗಡಗಳತ್ತ ಹಾದುಹೋಗುವ ಗ್ರಾನೈಟ್ ಪಟ್ಟಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಒಡೆದ ಮೈ ಸಿಕ್ಕರೆ ಅದರಲ್ಲಿ ನಸುಗೆಂಪು ಹರಳುಗಳನ್ನು ಹುಡುಕಿ. ಬಂಡೆಯ ಮೇಲಿನಿಂದ ಕೆಳಕ್ಕೆ ಇಳಿದ ಕಪ್ಪು ಪಟ್ಟೆಗಳು ಕೊಳೆಯಲ್ಲ. ಮಳೆನೀರು ಹರಿಯುವ ದಾರಿಯಲ್ಲಷ್ಟೇ ಬೆಳೆಯುವ ಸೂಕ್ಷ್ಮಜೀವಿಗಳ ಪದರ. ಮಳೆ ಇಲ್ಲದ ದಿನವೂ ನೀರಿನ ನಕ್ಷೆ ಓದಲು ಅದು ಸಾಕು. ಅಂದಹಾಗೆ, ಜಯಮಂಗಲಿ, ಶಿಂಷಾ ಎರಡೂ ಹುಟ್ಟುವುದು ಈ ಬೆಟ್ಟಗಳಲ್ಲೇ. ಒಂದು ಉತ್ತರ ಪಿನಾಕಿನಿಗೆ ಸೇರುತ್ತದೆ, ಇನ್ನೊಂದು ಕಾವೇರಿಗೆ. ಒಂದೇ ಮಳೆಯ ಹನಿಗಳು ಎರಡು ರಾಜ್ಯಗಳ ಹೊಲಗಳಿಗೆ ಹಂಚಿಹೋಗುತ್ತವೆ.

ಬಿರುಕುಗಳಲ್ಲಿ ಮುದುಡಿ ಕಂದುಬಣ್ಣಕ್ಕೆ ತಿರುಗಿದ ಬೆರಳುದ್ದದ ಜರೀಗಿಡಗಳಿರುತ್ತವೆ. ಮಯೂರಶಿಖೆ ಎಂದು ನಾಟಿ ವೈದ್ಯರು ಕರೆಯುವ ಗಿಡವೂ ಇವುಗಳಲ್ಲಿ ಒಂದು. ಸತ್ತಿಲ್ಲ. ಮೈಯ ನೀರನ್ನೆಲ್ಲ ಬಿಟ್ಟುಕೊಟ್ಟು ತಡೆದು ಕೂತಿವೆ, ಮಳೆ ಬಿದ್ದರೆ ಅದೇ ಎಲೆ ಮತ್ತೆ ಬಿಚ್ಚಿಕೊಂಡು ಹಸಿರಾಗುತ್ತದೆ. ಕಿತ್ತು ಮನೆಗೆ ತರಬೇಡಿ.

ಎಂಟೂವರೆ, ಒಂಬತ್ತರ ಹೊತ್ತಿಗೆ ಬಂಡೆ ಕಾಯುತ್ತದೆ, ಬಂಡೆ ಓತಿಗಳು ಹೊರಬರುತ್ತವೆ. ಇಪ್ಪತ್ತು ಅಡಿಗಿಂತ ಹತ್ತಿರ ಹೋಗದೆ ಕೂತು ನೋಡಿ. ಹೆಣ್ಣು, ಮರಿಗಳು ಬಂಡೆಯದೇ ಬಣ್ಣ; ಅಲುಗುವವರೆಗೂ ಕಾಣವು. ಗಂಡು ಮಾತ್ರ ಈ ತಿಂಗಳುಗಳಲ್ಲಿ ಬೆನ್ನಿಗೆ ಕೆಂಪು, ಪಕ್ಕೆಗೆ ಕಪ್ಪು ತಳೆದು ಅತಿ ಎತ್ತರದ ಕಲ್ಲಿನ ಮೇಲೆ ದಂಡ ಹೊಡೆಯುತ್ತಿರುತ್ತದೆ. ಇದರ ಬಣ್ಣ ಸ್ಥಿರವಲ್ಲ. ಹೆಣ್ಣು ಎದುರಾದಾಗ ಒಂದು ಬಣ್ಣ, ಇನ್ನೊಂದು ಗಂಡು ಮೇರೆ ಮೀರಿ ಬಂದಾಗ ಬೇರೆ ಬಣ್ಣ, ಅದೂ ಕ್ಷಣಗಳಲ್ಲಿ ಬದಲಾಗುತ್ತದೆ. ನೋಡಬೇಕಾದದ್ದು ಆ ಬದಲಾವಣೆಯನ್ನು. ಆದ್ದರಿಂದ ಎರಡು ಓತಿಗಳು ಒಂದೇ ಬಂಡೆಯ ಮೇಲಿರುವ ಜಾಗ ಹುಡುಕಿ ಕಾಯಿರಿ.

ಇದೇ ಬಂಡೆ ಮತ್ತು ಪೊದೆ ಬೆರೆತ ಇಳಿಜಾರಿನಲ್ಲಿ ಹಳದಿ ಗಂಟಲಿನ ಪಿಕಳಾರ ಇದೆ. ದಕ್ಷಿಣ ಭಾರತದ ಇಂಥ ಕಲ್ಲುಬೆಟ್ಟಗಳನ್ನು ಬಿಟ್ಟರೆ ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲದ, ಅಳಿವಿನ ಅಪಾಯದಲ್ಲಿರುವ ಹಕ್ಕಿ; ನಂದಿಬೆಟ್ಟದಲ್ಲೂ ಇದೆ. ಮೊಬೈಲಿನಲ್ಲಿ ಅದರ ಕೂಗು ಹಾಕಿ ಕರೆಯುವವರಿದ್ದಾರೆ. ಗೂಡು ಕಟ್ಟುವ ಕಾಲದಲ್ಲಿ ಹಾಗೆ ಮಾಡಿದರೆ ಮರಿ ಬಿಟ್ಟು ಜಗಳಕ್ಕೆ ಬರುತ್ತದೆ, ಬೇಡ.

ಕಡಿದಾದ ಬಂಡೆಯ ಚಾಚಿನಲ್ಲಿ ಹೆಜ್ಜೇನು ಕಟ್ಟಿರುತ್ತದೆ. ಸುಗಂಧ ದ್ರವ್ಯ ಬೇಡ ಎಂದದ್ದು ಇದಕ್ಕೆ. ಹೊಗೆ, ಕಲ್ಲೆಸೆತ, ಕೂಗಾಟ ಯಾವುದೂ ಬೇಡ. ಬೆಂಕಿಯ ವಿಷಯದಲ್ಲಂತೂ ಸೇದಿ ಎಸೆದ ಒಂದು ಬೀಡಿ ತುಂಡು ಸಾಕು, ಈ ತರಗೆಲೆಗೆ.

ಬರೆದಿಡುವುದು

ಬರೆಯದಿದ್ದರೆ ಮುಂದಿನ ಸಲಕ್ಕೆ ಹೋಲಿಸಲು ಏನೂ ಉಳಿಯುವುದಿಲ್ಲ. ಟಿಪ್ಪಣಿ ಹೀಗಿದ್ದರೆ ಸಾಕು: ‘ಏಪ್ರಿಲ್ 20, ಬೆಳಗ್ಗೆ 7.40. ರಸ್ತೆಯ ಎಡಕ್ಕೆ ಎರಡು ಹೊಂಗೆ. ಮೊದಲನೆಯದರಲ್ಲಿ ಹೂ ಮುಗಿದಿದೆ, ಎರಡನೆಯದರಲ್ಲಿ ಮೊಗ್ಗು. ಮೊದಲನೆಯದರ ಹತ್ತು ಎಲೆಯಲ್ಲಿ ಏಳಕ್ಕೆ ಗುಳ್ಳೆ, ಎರಡನೆಯದರಲ್ಲಿ ಒಂದಕ್ಕೂ ಇಲ್ಲ. ಏಕೆ?’ ಉತ್ತರ ಬರೆಯುವ ಆತುರ ಬೇಡ. ಫೋಟೊ ತೆಗೆದರೆ ಪಕ್ಕದಲ್ಲಿ ಪೆನ್ಸಿಲ್ ಇಡಿ, ಅಳತೆ ತಿಳಿಯುತ್ತದೆ. ಮನೆಗೆ ಬಂದ ಮೇಲೆ ಐನ್ಯಾಚುರಲಿಸ್ಟ್ ಎಂಬ ಜಾಲತಾಣಕ್ಕೆ ಹಾಕಿದರೆ ಗುರುತಿಸಲು ಬಲ್ಲವರು ನೆರವಾಗುತ್ತಾರೆ. ಹೊಂಗೆ, ಕಕ್ಕೆ, ಹುಣಸೆಯಂಥ ಮರಗಳ ಚಿಗುರು, ಹೂ, ಕಾಯಿಯ ಕಾಲವನ್ನು ವಾರವಾರ ದಾಖಲಿಸಲು ಸೀಸನ್‌ವಾಚ್ ಎಂಬ ಯೋಜನೆ ಇದೆ, ಶಾಲೆಗಳೂ ಸೇರಬಹುದು. ಕಾಡುಪಾಪ, ಹಕ್ಕಿಯ ಗೂಡು ಇಂಥವು ಕಂಡರೆ ಮಾತ್ರ ಜಾಗದ ವಿವರ ಯಾರಿಗೂ ಹಂಚಬೇಡಿ. ನಾಗವಲ್ಲಿಯ ಸುತ್ತಮುತ್ತ ಕಾಡುಪಾಪಗಳಿವೆ ಎಂಬುದು ತುಮಕೂರಿನವರಿಗೆ ಗೊತ್ತಿರುವ ವಿಷಯವೇ. ಯಾವ ಮರ ಎಂಬುದು ಗೊತ್ತಾಗಬೇಕಿಲ್ಲ.

ಅದೇ ಜಾಗಕ್ಕೆ ಎರಡನೆಯ ಸಲ ಹೋಗಲು ಒಳ್ಳೆಯ ದಿನ ಭರಣಿ ಮಳೆಯ ಮೊದಲ ಜೋರು ಹನಿ ಬಿದ್ದ ಮರುಬೆಳಗ್ಗೆ. ಹುತ್ತದ ಬಾಯಿಗಳಲ್ಲಿ ಈಸಲು ಹುಳುಗಳು ಉದುರಿಸಿದ ರೆಕ್ಕೆ ಬಿದ್ದಿರುತ್ತದೆ. ಯಾವ ಹುತ್ತದಲ್ಲಿ ಜೀವವಿದೆ ಎಂದು ಮೊದಲ ಸಲ ಊಹಿಸಿದ್ದು ಸರಿಯೋ ಎಂದು ತಾಳೆ ನೋಡಬಹುದು. ತೊಯ್ದ ನೆಲದ ಮೇಲೆ ಕೆಂಪು ಮಖಮಲ್ ಹೊದ್ದ ಪುಟ್ಟ ಹುಳುಗಳು ಓಡಾಡುತ್ತಿರುತ್ತವೆ. ಬಂಡೆಯ ಬಿರುಕಿನ ಜರೀಗಿಡಗಳ ಫೋಟೊ ಹಳೆಯದಿದ್ದರೆ ಅದೇ ಕೋನದಿಂದ ಇನ್ನೊಂದು ತೆಗೆಯಿರಿ. ಚಾಚಿನ ಹೊರಗಿದ್ದ ಗುಣಿಗಳು ತೊಳೆದುಹೋಗಿರುತ್ತವೆ, ಒಳಗಿದ್ದವು ಉಳಿದಿರುತ್ತವೆ, ಎರಡನ್ನೂ ಎಣಿಸಿ ಬರೆಯಿರಿ. ಗುಡುಗು ಕೇಳಿಸಿದರೆ ಬಂಡೆಯ ಮೇಲಿರಬೇಡಿ, ಒಂಟಿ ಮರದ ಕೆಳಗೂ ನಿಲ್ಲಬೇಡಿ. ತೊಯ್ದ ಗ್ರಾನೈಟಿನ ಮೇಲಿನ ಆ ಕಪ್ಪು ಪಟ್ಟೆಗಳು ವಿಪರೀತ ಜಾರುತ್ತವೆ, ಅವುಗಳ ಮೇಲೆ ಕಾಲಿಡದೆ ಸುತ್ತಿ ಇಳಿಯಿರಿ.